ಕಿಟ್ಟಯ್ಯನ ಕಲ್ಲು, ನಮ್ಮ ಹಿರಿಯರ ಹೆಸರು



ಇಂದು ಒಂದು ಕಲ್ಲಿನ ಮಾತನ್ನು ತಮ್ಮ ಮುಂದಿಡುತ್ತೇವೆ. ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳವಿದೆಯಷ್ಟೆ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಅದು ಸುಮಾರು ಕ್ರಿ.ಶ. 750ರದೆಂದು ಲಿಪಿಯನ್ನು ಬಲ್ಲವರು ಹೇಳಿದರು. ಆಗ ಗಂಗರ ಶ್ರೀಪುರುಷನು ಆಳುತ್ತಿದ್ದನು. ರಟ್ಟವಾಡಿಯವರೊಡನೆ ಕಾದಿ ಮಡಿದ ಕಿಟ್ಟಯ್ಯನೆಂಬವನ ಹೆಸರು ಅದರಲ್ಲಿದೆ. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲ್, ಅಂದರೆ ದೊಡ್ಡ ಊರು, ಎಂಬುದನ್ನೂ ಆ ಕಲ್ಲು ತಿಳಿಸಿತು. ಊರಿನವರು ಅದಕ್ಕೊಂದು ಮಂಟಪ ಕಟ್ಟಿಸಿದರು. ಕಿಟ್ಟಯ್ಯ ಅರಸನಲ್ಲ, ಆದರೂ ಸಾವಿರದ ಇನ್ನೂರು ವರ್ಷಗಳ ಮೇಲೂ ಅವನ ಹೆಸರು ನಮ್ಮ ನಾಲಗೆಯ ಮೇಲೆ ಬಂತು.

ಇನ್ನೊಂದು ಮಾತು. ಬಿ. ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಮಾಡಿಸಿದರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ಇಂದು ಇಲ್ಲ. ಕಲ್ಲು ಹೋಯಿತು, ಕಾಗದ ಉಳಿಯಿತು. ಬರೆದಿಟ್ಟವರ ಕಾಯಕ ಎಷ್ಟು ದೊಡ್ಡದು ನೋಡಿ! ಈಗ ಮಿಥಿಕ್ ಸೊಸೈಟಿಯವರು ಉಳಿದ ಕಲ್ಲುಗಳನ್ನು ಯಂತ್ರದಿಂದ ಅಕ್ಷರಕ್ಷರವೂ ಕಾಣುವಂತೆ ಸೆರೆಹಿಡಿಯುತ್ತಿದ್ದಾರೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ನಿಮ್ಮ ಮುತ್ತಾತನ ಹೆಸರೇನು ಎಂದು ಕೇಳಿದರೆ ಕೆಲವರು ಹೇಳುತ್ತೀರಿ. ಮುತ್ತಜ್ಜಿಯ ಹೆಸರೇನು ಎಂದರೆ ಮೌನ. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಮಣ್ಣಿನಲ್ಲಿಡುವುದು ರೂಢಿ. ಯಲಹಂಕ, ಹೆಬ್ಬಾಳದ ಸುತ್ತ ಹೊಲದ ಮೂಲೆಯಲ್ಲೇ ಹಿರಿಯರನ್ನು ಇಟ್ಟ ಮನೆತನಗಳುಂಟು. ಎಷ್ಟೋ ಕಡೆ ಗುರುತಿಗೆ ಇದ್ದದ್ದು ಒಂದು ಗುಂಡುಕಲ್ಲು, ಒಂದು ತುಂಬೆಗಿಡ. ಹೊಲ ಮಾರಿದೆವು, ಬಡಾವಣೆಯಾಯಿತು. ಗುಂಡುಕಲ್ಲಿಗೆ ಅಕ್ಷರವಿಲ್ಲ, ಅದು ಯಾರದೆಂದು ಬಲ್ಲ ಅಜ್ಜಿಯೂ ಹೋದಳು. ಅಲ್ಲಿಗೆ ಆ ಹೆಸರು ಎರಡನೆಯ ಸಲ ಸತ್ತಂತೆ.

ಆದುದರಿಂದ ನಾವು ಕೇಳಿಕೊಳ್ಳುವುದು ಇಷ್ಟೆ. ಊರಿನ ರುದ್ರಭೂಮಿಗೆ ಒಂದು ನೋಟ್‌ಬುಕ್ಕು ಹಿಡಿದು ಹೋಗಿರಿ. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ. ಅಕ್ಷರವಿರುವ ಕಲ್ಲನ್ನು ಕಬ್ಬಿಣದಿಂದ ಕೆರೆಯಬೇಡಿರಿ, ಬಣ್ಣ ಬಳಿಯಬೇಡಿರಿ. ನೀರು ಹಾಕಿ ಮೆತ್ತಗೆ ತೊಳೆಯಿರಿ. ಬೆಳಗಿನ ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಂಡದ್ದನ್ನು ಕಂಡಂತೆ ಬರೆಯಿರಿ. ಕಾಣದ ಕಡೆ ಜಾಗ ಬಿಡಿರಿ, ಊಹಿಸಿ ತುಂಬಬೇಡಿರಿ. ಅಕ್ಷರವಿಲ್ಲದ ಗದ್ದುಗೆ ಯಾರದೆಂದು ಹಿರಿಯರನ್ನು ಕೇಳಿರಿ. ಹೇಳಿದವರ ಹೆಸರನ್ನೂ ಬರೆಯಿರಿ. ತಾಯಂದಿರ ಹೆಸರನ್ನು ಬಿಡಬೇಡಿರಿ. ಯಾವ ಊರಿನಿಂದ ಬಂದವಳು ಎಂಬುದನ್ನೂ ಸೇರಿಸಿರಿ.

ಹಿರಿಯರನ್ನು ನೆನೆಯುವುದು ಅವರ ಮಣ್ಣನ್ನು ಪೂಜಿಸಿದ ಮಾತ್ರಕ್ಕೆ ಮುಗಿಯದು. ಅವರು ಇದ್ದರೆಂಬ ಅರಿವನ್ನು ಮಕ್ಕಳ ಕೈಗೆ ಕೊಡಬೇಕು. ಕಿಟ್ಟಯ್ಯನ ಹೆಸರನ್ನು ಅವನ ಕಾಲದವರು ಕಲ್ಲಿನಲ್ಲಿ ಕೊರೆಸಿದರು. ನಮಗೆ ಕಲ್ಲು ಬೇಡ, ಒಂದು ಹಾಳೆ ಸಾಕು. ಬಲ್ಲವರು ಇನ್ನೂ ಬದುಕಿರುವಾಗಲೇ ಬರೆದಿಡೋಣ.