ಮೀನು ಮಾರುಕಟ್ಟೆಯಿಂದ ಗವರ್ನರ್ ಗದ್ದುಗೆಗೆ: ಆಲ್ ಸ್ಮಿತ್ (1873–1944)

ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆ ತಲೆಯೆತ್ತುತ್ತಿದ್ದಾಗ ಅದರ ಬುಡದ ಓಣಿಯಲ್ಲೇ ಆಡಿ ಬೆಳೆದವರು ಆಲ್‌ಫ್ರೆಡ್ ಸ್ಮಿತ್. ತಂದೆ ಕುದುರೆಗಾಡಿಯಲ್ಲಿ ಸರಕು ಸಾಗಿಸುತ್ತಿದ್ದರು. 1886ರಲ್ಲಿ ಅವರು ತೀರಿಕೊಂಡಾಗ ಹುಡುಗನ ಓದು ಎಂಟನೇ ತರಗತಿಯನ್ನೂ ದಾಟಲಿಲ್ಲ. ಮುಂದೆ ಫುಲ್ಟನ್ ಮೀನು ಮಾರುಕಟ್ಟೆಯಲ್ಲಿ ಕೆಲಸ. ಬೆಳಗಿನ ಜಾವ 4ಕ್ಕೆ ಹಾಜರಿ, ವಾರಕ್ಕೆ 12 ಡಾಲರ್ ಕೂಲಿ, ಜೊತೆಗೆ ಮನೆಮಂದಿಗೆ ಸಾಕಾಗುವಷ್ಟು ಮೀನು. ಈ ಮಾರುಕಟ್ಟೆಯೇ ತನ್ನ ಕಾಲೇಜು ಎಂದು ಅವರು ಕೊನೆಯವರೆಗೂ ಹೆಮ್ಮೆಯಿಂದ ಹೇಳಿಕೊಂಡರು.

1904ರಿಂದ ನ್ಯೂಯಾರ್ಕ್ ರಾಜ್ಯ ಶಾಸನಸಭೆಯ ಸದಸ್ಯ. ಆದರೆ ಅವರನ್ನು ಅವರನ್ನಾಗಿ ಮಾಡಿದ್ದು 1911ರ ಮಾರ್ಚ್ 25. ಅಂದು ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಕಾರ್ಮಿಕರು ಸತ್ತರು. ಹೆಚ್ಚಿನವರು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ದುರಂತದ ನಂತರ ರಚನೆಯಾದ ಕಾರ್ಖಾನೆ ತನಿಖಾ ಆಯೋಗದ ಉಪಾಧ್ಯಕ್ಷರಾದ ಸ್ಮಿತ್ ಕಡತ ನೋಡುತ್ತಾ ಕೂರಲಿಲ್ಲ, ಕಾರ್ಖಾನೆಗಳಿಗೇ ಹೋದರು. ಆಬರ್ನ್ ಊರಿನಲ್ಲಿ ಕಾರ್ಮಿಕ ಹಕ್ಕುಗಳ ಹೋರಾಟಗಾರ್ತಿ ಫ್ರಾನ್ಸಿಸ್ ಪರ್ಕಿನ್ಸ್ ಸ್ಮಿತ್‌ಗೆ ತೋರಿಸಿದ್ದು, ಹಗ್ಗದ ಕಾರ್ಖಾನೆಯಲ್ಲಿ ಹತ್ತು ಗಂಟೆಯ ರಾತ್ರಿಪಾಳಿ ಮುಗಿಸಿ ಹೊರಬರುತ್ತಿದ್ದ ಹೆಂಗಸರ ಸಾಲು. ಬೆಂಕಿಯಿಂದ ರಕ್ಷಣೆ, ಕೆಲಸದ ಅವಧಿ, ಮಕ್ಕಳ ದುಡಿಮೆ ಕುರಿತ ಹೊಸ ಕಾನೂನುಗಳು ಈ ಓಡಾಟದಿಂದಲೇ ಹುಟ್ಟಿದವು. ಇಂದಿಗೂ ಕಾರ್ಖಾನೆಯ ತುರ್ತು ಬಾಗಿಲಿಗೆ ಬೀಗ ಹಾಕಿರಬಾರದೆಂಬ ನಿಯಮದ ಹಿಂದೆ ಆ ಹೆಣ್ಣುಮಕ್ಕಳ ಜೀವವಿದೆ.

ಮುಂದೆ ಸ್ಮಿತ್ ನಾಲ್ಕು ಬಾರಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿ ಆಯ್ಕೆಯಾದರು. 1928ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತು ರಿಪಬ್ಲಿಕನ್ ಅಭ್ಯರ್ಥಿ ಹೂವರ್ ಎದುರು ಸೋತರು. ಪ್ರಮುಖ ಪಕ್ಷವೊಂದು ಕಣಕ್ಕಿಳಿಸಿದ ಮೊದಲ ಕ್ಯಾಥೊಲಿಕ್ ಅಭ್ಯರ್ಥಿಯಾದ ಅವರ ಮೇಲೆ ಧರ್ಮದ ಹೆಸರಿನಲ್ಲಿ ನಡೆದ ಅಪಪ್ರಚಾರ ಕ್ರೂರವಾಗಿತ್ತು. ಮುಂದೆ ಎಂಪೈರ್ ಸ್ಟೇಟ್ ಕಟ್ಟಡ ಕಟ್ಟಿಸಿದ ಕಂಪನಿಯ ಮುಖ್ಯಸ್ಥರಾದರು. 1931ರ ಮೇ 1ರಂದು ಅದರ ಬಾಗಿಲಿನ ರಿಬ್ಬನ್ ಕತ್ತರಿಸಿದ್ದು ಅವರ ಮೊಮ್ಮಕ್ಕಳು.