ಬಿ.ಇಡಿ., ಡಿ.ಎಲ್.ಇಡಿ. ಓದು: ಕ್ಲಾಸು, ಶಾಲೆ, ದೂರಶಿಕ್ಷಣ – ಎಲ್ಲಿ ಮನಸ್ಸು ಹತ್ತುತ್ತದೆ?

ಕಾಸರಗೋಡು, ಮಂಜೇಶ್ವರ ಭಾಗದಲ್ಲಿ ಪ್ಲಸ್ ಟು ಇಲ್ಲವೇ ಡಿಗ್ರಿ ಮುಗಿಸಿ ಶಿಕ್ಷಕರಾಗಲು ಹೊರಡುವವರು ಮೊದಲು ಕೇಳುವುದು ಫೀಸು ಎಷ್ಟು, ಸೀಟು ಸಿಗುತ್ತದಾ ಅಂತ. ಅಲ್ಲಿ ಹೇಗೆ ಕಲಿಸುತ್ತಾರೆ ಎಂದು ಕೇಳುವವರು ಕಡಿಮೆ. ಆದರೆ ಓದಿನಲ್ಲಿ ಮನಸ್ಸು ನಿಲ್ಲುವುದು ಇದರ ಮೇಲೆಯೇ.

ತೊಡಗುವಿಕೆ ಎಂದರೆ

ಹಾಜರಿ ಇದ್ದ ಮಾತ್ರಕ್ಕೆ ತೊಡಗಿಕೊಂಡಂತಲ್ಲ. ಶಿಕ್ಷಣ ತಜ್ಞರು ಇದನ್ನು ಮೂರಾಗಿ ನೋಡುತ್ತಾರೆ: ಕೆಲಸದಲ್ಲಿ ಭಾಗವಹಿಸುವುದು, ಅದರಲ್ಲಿ ಆಸಕ್ತಿ ಇರುವುದು, ತಲೆಕೊಟ್ಟು ಯೋಚಿಸುವುದು.

ಕ್ಲಾಸು

ಮನಶ್ಶಾಸ್ತ್ರ, ಬೋಧನಾ ವಿಧಾನಗಳನ್ನು ಬರೀ ನೋಟ್ಸ್ ಬರೆಸಿ ಮುಗಿಸಿದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಸೂಕ್ಷ್ಮ ಬೋಧನೆ ಹಾಗಲ್ಲ. ಐದಾರು ನಿಮಿಷದ ಪಾಠ, ಎದುರಿಗೆ ಸಹಪಾಠಿಗಳು, ಕೂಡಲೇ ತಪ್ಪು-ಸರಿ ಹೇಳುತ್ತಾರೆ, ತಿದ್ದಿಕೊಂಡು ಇನ್ನೊಮ್ಮೆ ಪಾಠ. ಇಲ್ಲಿ ಸುಮ್ಮನೆ ಕೂರಲು ಆಗುವುದಿಲ್ಲ.

ಶಾಲೆ

ಎನ್‌ಸಿಟಿಇಯ 2014ರ ನಿಯಮದಂತೆ ಬಿ.ಇಡಿ. ಎರಡು ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಹಾಜರಿ ಕ್ಲಾಸಿಗೆ 80 ಶೇಕಡಾ, ಇಂಟರ್ನ್‌ಶಿಪ್‌ಗೆ 90 ಶೇಕಡಾ. ಮಕ್ಕಳ ಮುಂದೆ ನಿಂತಾಗ ಪುಸ್ತಕದ ಮಾತಿಗೆ ಜೀವ ಬರುತ್ತದೆ. ಆದರೆ ಮಾರ್ಗದರ್ಶಿ ಶಿಕ್ಷಕರು ಪಾಠ ನೋಡಿ ತಿದ್ದಬೇಕು. ರಜೆಯಲ್ಲಿರುವ ಟೀಚರ ಬದಲಿಗೆ ಕ್ಲಾಸು ಸುಧಾರಿಸಲು ಮಾತ್ರ ಬಳಸಿಕೊಂಡರೆ ಹುರುಪು ಬೇಗ ಇಳಿಯುತ್ತದೆ.

ದೂರಶಿಕ್ಷಣ

ಇಗ್ನೋ ಬಿ.ಇಡಿ.ಯನ್ನು 2ರಿಂದ 5 ವರ್ಷದೊಳಗೆ ಮುಗಿಸಬಹುದು. ಆದರೆ ಇದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ, ಬರೀ ಡಿಗ್ರಿ ಇದ್ದವರಿಗಲ್ಲ. ಕೆಲಸದಲ್ಲಿರುವವರಿಗೆ ಓದಿದ್ದನ್ನು ಮರುದಿನವೇ ತಮ್ಮ ಕ್ಲಾಸಿನಲ್ಲಿ ಮಾಡಿನೋಡುವ ಅನುಕೂಲ ಇದೆ. ಜೊತೆಗೆ ಓದುವವರು ಇಲ್ಲದಿದ್ದರೆ ಅಸೈನ್‌ಮೆಂಟ್ ಕೊನೆಯ ದಿನಕ್ಕೆ ನಕಲು ಮಾಡುವ ಕೆಲಸವಾಗಿ ಉಳಿಯುತ್ತದೆ.

ಭಾಷೆಯ ಮಾತು

ಗಡಿನಾಡಿನಲ್ಲಿ ಇನ್ನೊಂದು ವಿಷಯ ಇದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಕಲಿತವರಿಗೆ ಮಲಯಾಳಂ ಕಿವಿಗೆ ಅರ್ಥವಾಗುತ್ತದೆ, ಓದಿ ಬರೆಯಲು ಕಷ್ಟ. ಹಾಗಾಗಿ ಲೆಕ್ಚರ್ ತಿಳಿದರೂ ಚರ್ಚೆಯಲ್ಲಿ, ನೋಟ್ಸಿನಲ್ಲಿ ಹಿಂದೆ ಬೀಳುತ್ತಾರೆ. ಇದನ್ನು ದಡ್ಡತನ ಎಂದುಕೊಳ್ಳಬಾರದು. ಇದೇ ವಿದ್ಯಾರ್ಥಿ ಕನ್ನಡ ಶಾಲೆಗೆ ಇಂಟರ್ನ್‌ಶಿಪ್‌ಗೆ ಹೋದಾಗ ಬ್ಯಾರಿ ಮಾತಾಡುವ ಮಗುವಿಗೆ ಮನೆಮಾತಿನಲ್ಲಿ ವಿವರಿಸಿ ಕನ್ನಡಕ್ಕೆ ತರಬಲ್ಲರು. ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ನೇಮಿಸುತ್ತಾರೆಂಬ ದೂರು ಇರುವ ಜಿಲ್ಲೆಯಲ್ಲಿ ಇಂಥ ಶಿಕ್ಷಕರ ಬೆಲೆ ದೊಡ್ಡದು.

ಸೇರುವ ಮುನ್ನ

- ಕೋರ್ಸಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ ನೋಡಿ.
- ಕನ್ನಡದಲ್ಲಿ ಪಾಠಯೋಜನೆ, ಪರೀಕ್ಷೆ ಬರೆಯಲು ಅವಕಾಶ ಇದೆಯೇ, ಇಂಟರ್ನ್‌ಶಿಪ್ ಯಾವ ಶಾಲೆಯಲ್ಲಿ ಎಂದು ಕೇಳಿ.
- ಪ್ರೈಮರಿ ಟೀಚರ್ ಆಗಬೇಕಿದ್ದರೆ ಡಿ.ಎಲ್.ಇಡಿ. ಆರಿಸಿ. ಪ್ರೈಮರಿ ತರಗತಿಗಳಿಗೆ ಬಿ.ಇಡಿ. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ.
- ಈಗ ಓದುತ್ತಿರುವ ಸೀನಿಯರ್ ಒಬ್ಬರನ್ನು ಕೇಳಿ: "ನಿಮ್ಮ ಪಾಠವನ್ನು ಯಾರಾದರೂ ಕೂತು ನೋಡುತ್ತಾರಾ?" ಹೌದು ಎಂದರೆ ಅಲ್ಲಿ ಕಲಿಕೆ ಇದೆ.