ಸ್ತ್ರೀಧನವೂ ಸ್ತ್ರೀವೈದ್ಯ ಸಂಶೋಧನವೂ

ಸರಸ್ವತಿಯೂ ಲಕ್ಷ್ಮಿಯೂ ಒಂದೇ ಮನೆಯಲ್ಲಿ ನಿಲ್ಲುವುದಿಲ್ಲವೆಂಬ ಮಾತು ನಮ್ಮಲ್ಲಿ ಹಳೆಯದು. ಬಡ ಪಂಡಿತರ ಸಮಾಧಾನಕ್ಕಾಗಿ ಹುಟ್ಟಿದ ಮಾತಾಗಿದ್ದರೂ ಆಗಿರಬಹುದು. ಕಾವ್ಯ ವ್ಯಾಕರಣಗಳ ಮಟ್ಟಿಗೆ ಅದು ಹೇಗೋ ಸಲ್ಲಬಹುದು. ವೈದ್ಯಶಾಸ್ತ್ರದ ನವೀನ ಸಂಶೋಧನಕ್ಕೆ ಸರ್ವಥಾ ಸಲ್ಲದು. ಪ್ರಯೋಗಶಾಲೆಯೊಂದು ನಡೆಯಬೇಕಾದರೆ ಕಟ್ಟಡ ಬೇಕು, ಉಪಕರಣಗಳು ಬೇಕು, ಪರೀಕ್ಷೆಗೆ ಪ್ರಾಣಿಗಳು ಬೇಕು, ವರ್ಷಗಟ್ಟಲೆ ಸಂಬಳ ಪಡೆಯುವ ಸಹಾಯಕರು ಬೇಕು. ಇವೆಲ್ಲಕ್ಕೂ ಹಣ ಕೊಡುವವನೇ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ಯಾವುದನ್ನು ಕೇಳದೆ ಬಿಡಬೇಕು ಎಂಬುದನ್ನೂ ನಿರ್ಣಯಿಸುತ್ತಾನೆ. ಥೈಲಿಯ ದಾರವು ಬಹುಕಾಲ ಪುರುಷರ ಕೈಯಲ್ಲಿಯೇ ಇದ್ದುದರಿಂದ, ಸ್ತ್ರೀಯರ ದೇಹಕ್ಕೆ ಸಂಬಂಧಪಟ್ಟ ಪ್ರಶ್ನೆಗಳು ಪಂಕ್ತಿಯ ಕೊನೆಯ ಎಲೆಯಲ್ಲಿ ಕುಳಿತವು. ಆ ಥೈಲಿಯು ಹೆಂಗಸೊಬ್ಬಳ ಕೈಗೆ ಬಂದಾಗ ಏನಾಯಿತೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಚರಿತ್ರೆಯಲ್ಲಿ ಎರಡು ನಿದರ್ಶನಗಳಿವೆ.

ಮೊದಲನೆಯದು ಮೇರಿ ಗ್ಯಾರೆಟ್ ಎಂಬ ಮಹಿಳೆಯದು. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಮೂಲಧನವು ರೈಲ್ವೆ ಷೇರುಗಳಲ್ಲಿತ್ತು. ಆ ಷೇರುಗಳ ಲಾಭಾಂಶವು ನಿಂತುಹೋದ್ದರಿಂದ, 1889ರಲ್ಲಿ ಆಸ್ಪತ್ರೆಯು ತೆರೆದರೂ ವೈದ್ಯಕಲಾಶಾಲೆಯನ್ನು ತೆರೆಯಲು ಹಣವಿರಲಿಲ್ಲ. ಅದೇ ರೈಲ್ವೆಯ ಅಧ್ಯಕ್ಷನಾಗಿದ್ದವನ ಮಗಳು ಈಕೆ, ಅವಿವಾಹಿತೆ, ತಂದೆಯ ಆಸ್ತಿಯಲ್ಲಿ ಪಾಲು ಪಡೆದವಳು. 1890ರಲ್ಲಿ ಈಕೆಯೂ ಈಕೆಯ ಗೆಳತಿಯರೂ ಹೆಂಗಸರ ಸಮಿತಿಯೊಂದನ್ನು ಕಟ್ಟಿ ಚಂದಾ ಎತ್ತಿದರು. ಬೇಕಾಗಿದ್ದ ಐದು ಲಕ್ಷ ಡಾಲರುಗಳಲ್ಲಿ ಮೂರು ಲಕ್ಷಕ್ಕೂ ಮಿಗಿಲಾದುದನ್ನು ಮೇರಿ ಗ್ಯಾರೆಟ್ ತಾನೊಬ್ಬಳೇ ಕೊಟ್ಟಳು. ಆದರೆ ಬರಿಗೈಯಿಂದ ಕೊಡಲಿಲ್ಲ, ಕರಾರಿನೊಡನೆ ಕೊಟ್ಟಳು. ಗಂಡಸರಿಗೆ ಯಾವ ನಿಯಮಗಳೋ ಅವೇ ನಿಯಮಗಳಿಂದ ಹೆಂಗಸರಿಗೂ ಪ್ರವೇಶವಿರಬೇಕು, ಪದವೀಧರರಲ್ಲದವರನ್ನು ಸೇರಿಸಕೂಡದು. 1893ರಲ್ಲಿ ಶಾಲೆಯು ತೆರೆದಾಗ ಹದಿನೆಂಟು ಮಂದಿ ವಿದ್ಯಾರ್ಥಿಗಳಲ್ಲಿ ಮೂವರು ಹೆಂಗಸರಿದ್ದರು. ಆಚಾರ್ಯರು ಮೊದಲು ಗೊಣಗಿದರು. ಆದರೆ ಆ ಕಠಿನವಾದ ಪ್ರವೇಶನಿಯಮಗಳೇ ಶಾಲೆಯ ಕೀರ್ತಿಗೆ ಮೂಲವಾದುವು.

ಈಕೆಯು ಅವಿವಾಹಿತೆಯೆಂಬುದು ಅಲಕ್ಷಿಸತಕ್ಕ ಸಂಗತಿಯಲ್ಲ. ಇಂಗ್ಲೆಂಡಿನಿಂದ ಅಮೆರಿಕೆಗೆ ಬಂದ ಹಳೆಯ ನ್ಯಾಯದಂತೆ ವಿವಾಹಿತೆಯ ಚರಸ್ವತ್ತು ಪತಿಯದಾಗುತ್ತಿತ್ತು. ನ್ಯೂಯಾರ್ಕ್ ಸಂಸ್ಥಾನವು 1848ರಲ್ಲಿ ಶಾಸನ ಮಾಡಿದ ಮೇಲೆ ಆ ಕಟ್ಟು ಒಂದೊಂದು ಸಂಸ್ಥಾನದಲ್ಲಿಯೂ ಕ್ರಮವಾಗಿ ಸಡಿಲಿತು. ಈ ವಿಷಯದಲ್ಲಿ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನ ದೃಷ್ಟಿಯು ಉದಾರವಾದುದು: ದಾಯದಿಂದ ಬಂದುದು, ಕ್ರಯದಿಂದ ಬಂದುದು, ವಿಭಾಗದಿಂದ ಬಂದುದು ಎಲ್ಲವೂ ಸ್ತ್ರೀಧನವೇ ಎಂದು ಮಿತಾಕ್ಷರೆಯು ಅರ್ಥ ಮಾಡುತ್ತದೆ. ಆದರೆ ನಮ್ಮವರು ಹಿಗ್ಗಬೇಕಾದುದಿಲ್ಲ. ದಾಯವಾಗಿ ಬಂದ ಆಸ್ತಿಯ ಮಟ್ಟಿಗೆ ಪ್ರಿವಿ ಕೌನ್ಸಿಲು ಆ ಅರ್ಥವನ್ನು ಅಂಗೀಕರಿಸಲಿಲ್ಲ. ಹಿಂದೂ ವಿಧವೆಗೆ ಪೂರ್ಣ ಸ್ವಾಮ್ಯವು ದೊರೆತುದು 1956ರ ಉತ್ತರಾಧಿಕಾರ ಶಾಸನದಿಂದ.

ಎರಡನೆಯ ನಿದರ್ಶನದ ನಾಯಿಕೆಯೂ ವಿಧವೆಯೇ. ಕ್ಯಾಥರೀನ್ ಡೆಕ್ಸ್‌ಟರ್ 1875ರಲ್ಲಿ ಮಿಷಿಗನ್ ಸಂಸ್ಥಾನದಲ್ಲಿ ಹುಟ್ಟಿದಳು. ತಂದೆ ಷಿಕಾಗೋ ನಗರದ ಹೆಸರಾಂತ ವಕೀಲ. ಬಾಸ್ಟನ್ನಿನ ಮೆಸಾಚುಸೆಟ್ಸ್ ಯಂತ್ರವಿದ್ಯಾಶಾಲೆಯಲ್ಲಿ ಓದಿ 1904ರಲ್ಲಿ ಜೀವಶಾಸ್ತ್ರದ ಪದವಿಯನ್ನು ಪಡೆದಳು. ಅಲ್ಲಿ ಹೆಂಗಸರು ಯಾವಾಗಲೂ ಟೋಪಿ ಧರಿಸಬೇಕೆಂಬ ನಿಯಮವಿತ್ತಂತೆ; ಪ್ರಯೋಗಶಾಲೆಯ ಬೆಂಕಿಗೆ ಟೋಪಿಯ ಗರಿಗಳು ಸಿಕ್ಕಿದರೆ ಗತಿಯೇನೆಂದು ವಾದಿಸಿ ಈಕೆ ಆ ನಿಯಮವನ್ನು ತಪ್ಪಿಸಿದಳೆಂದು ಹೇಳುತ್ತಾರೆ. ಅದೇ ವರ್ಷ ಈಕೆ ಕೊಯ್ಲಿನ ಯಂತ್ರದಿಂದ ಕೋಟ್ಯಧೀಶ್ವರರಾದ ಮೆಕಾರ್ಮಿಕ್ ಮನೆತನದ ಸ್ಟಾನ್ಲಿಯನ್ನು ವರಿಸಿದಳು. ಎರಡು ವರ್ಷಗಳೊಳಗೆ ಪತಿಗೆ ಚಿತ್ತಭ್ರಮೆಯಾಯಿತು. 1909ರಲ್ಲಿ ನ್ಯಾಯಸ್ಥಾನವು ಆತನನ್ನು ವ್ಯವಹಾರಕ್ಕೆ ಅಸಮರ್ಥನೆಂದು ತೀರ್ಮಾನಿಸಿತು. ಮುಂದೆ ಮೂವತ್ತೆಂಟು ವರ್ಷ ಆತನು ಬದುಕಿದ್ದನು. ಆತನ ಚಿಕಿತ್ಸೆಯ ವಿಷಯದಲ್ಲಿ ಈಕೆಗೂ ಪತಿಯ ಬಂಧುಗಳಿಗೂ ವ್ಯಾಜ್ಯಗಳು ನಡೆದುವು. ಸಿರಿವಂತರ ಸೊಸೆಯಾಗಿದ್ದರೂ ಆ ಸಿರಿಯು ಈಕೆಯ ಕೈಯಲ್ಲಿರಲಿಲ್ಲ.

ಈ ನಡುವೆ ಈಕೆಗೆ ಮಾರ್ಗರೆಟ್ ಸ್ಯಾಂಗರಳ ಪರಿಚಯವಾಯಿತು. ಸ್ಯಾಂಗರಳು ದಾದಿಯ ವೃತ್ತಿಯಲ್ಲಿದ್ದು, ಮೇಲಿಂದ ಮೇಲೆ ಬಸಿರಾಗಿ ಬಸವಳಿಯುತ್ತಿದ್ದ ಬಡ ತಾಯಂದಿರನ್ನು ಕಂಡು ಸಂತತಿ ನಿಯಮನದ ಚಳುವಳಿಯನ್ನು ಹೂಡಿದವಳು. ಗರ್ಭನಿರೋಧದ ಸಾಧನಗಳನ್ನು ಅಂಚೆಯಲ್ಲಿ ಕಳುಹುವುದೂ ಹೊರದೇಶದಿಂದ ತರುವುದೂ ಅಪರಾಧವೆಂದು 1873ರ ಶಾಸನವು ವಿಧಿಸಿತ್ತು. 1920ರ ದಶಕದಲ್ಲಿ ಕ್ಯಾಥರೀನ್ ಯೂರೋಪಿಗೆ ಹೋಗಿ, ಅಂತಹ ಸಾಧನಗಳನ್ನು ಸಾವಿರದಷ್ಟು ಕೊಂಡು, ಹೊಸ ಉಡುಪುಗಳ ಮಡಿಕೆಗಳಲ್ಲಿ ಹೊಲಿಸಿ, ಪೆಟ್ಟಿಗೆಗಳಲ್ಲಿ ತುಂಬಿ, ಸುಂಕದ ಕಟ್ಟೆಯವರ ಕಣ್ಣೆದುರಿನಲ್ಲಿಯೇ ನ್ಯೂಯಾರ್ಕಿಗೆ ತಂದಳು. ಶ್ರೀಮಂತ ಗೃಹಿಣಿಯ ಸೀರೆಪೆಟ್ಟಿಗೆಯನ್ನು ಶೋಧಿಸುವ ಧೈರ್ಯವು ಯಾವ ದೇಶದ ಅಧಿಕಾರಿಗೂ ಬಾರದು! ಇತ್ತ ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತತಿ ನಿಯಮನದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಮಾಡಿತೆಂಬುದು ಸ್ಮರಣೀಯವಾಗಿದೆ. ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ ಮೊದಲ ಪ್ರಸಂಗಗಳಲ್ಲಿ ಅದೊಂದು.

ಸ್ಟಾನ್ಲಿ ಮೆಕಾರ್ಮಿಕ್ 1947ರಲ್ಲಿ ತೀರಿಕೊಂಡನು. ಮೂರೂವರೆ ಕೋಟಿ ಡಾಲರುಗಳಿಗೂ ಹೆಚ್ಚಿನ ಆಸ್ತಿಯು ಪತ್ನಿಯ ಪಾಲಿಗೆ ಬಂದಿತು. ಆಗ ಈಕೆಗೆ ಎಪ್ಪತ್ತೆರಡನೆಯ ವಯಸ್ಸು. ತೆರಿಗೆಯ ಲೆಕ್ಕಗಳಿನ್ನೂ ತೀರಿರಲಿಲ್ಲ; 1950ರಲ್ಲಿಯೇ ಈಕೆ ಸ್ಯಾಂಗರಳಿಗೆ ಕಾಗದ ಬರೆದು, ಹಣದ ಕೊರತೆಯು ಎಲ್ಲಕ್ಕಿಂತ ಹೆಚ್ಚಾಗಿ ಇರುವುದೆಲ್ಲಿ ಎಂದು ವಿಚಾರಿಸಿದಳು.

ಕೊರತೆಯಿದ್ದುದು ಸಂಶೋಧನದಲ್ಲಿ. ಪ್ರೊಜೆಸ್ಟರೋನ್ ಎಂಬ ಸ್ತ್ರೀದೇಹದ ರಸವನ್ನು ಮೊಲಗಳಿಗೆ ಕೊಟ್ಟರೆ ಅಂಡೋತ್ಪತ್ತಿಯು ನಿಲ್ಲುವುದೆಂದು 1937ರಲ್ಲಿಯೇ ತಿಳಿದಿತ್ತು. ಮೆಕ್ಸಿಕೋ ದೇಶದ ಕಾಡುಗೆಣಸಿನಿಂದ ಅದನ್ನು ಅಗ್ಗವಾಗಿ ತೆಗೆಯುವ ಉಪಾಯವನ್ನು ರಸಾಯನಜ್ಞರು 1940ರ ದಶಕದಲ್ಲಿ ಕಂಡರು. ಬಾಯಿಯ ಮೂಲಕ ಕೊಟ್ಟರೂ ಗುಣ ತೋರುವ ಕೃತಕ ರೂಪವು 1951ರಲ್ಲಿ ಮೆಕ್ಸಿಕೋದಲ್ಲಿಯೇ ಸಿದ್ಧವಾಯಿತು. ಹೀಗೆ ಮರವೂ ಇತ್ತು, ಉಳಿಯೂ ಇತ್ತು, ಬಡಗಿಗೆ ಕೂಲಿ ಕೊಡುವವರಿರಲಿಲ್ಲ. ಸರ್ಕಾರವು ಕೊಡಲಿಲ್ಲ, ಸಂತತಿ ನಿಯಮನವು ಸರ್ಕಾರದ ವಿಷಯವೇ ಅಲ್ಲವೆಂದು ಅಧ್ಯಕ್ಷ ಐಸೆನ್‌ಹೋವರನು 1959ರಲ್ಲಿಯೂ ಹೇಳಿದನು. ಔಷಧದ ಕಂಪೆನಿಗಳು ಮತಸ್ಥರ ಕೋಪಕ್ಕೆ ಹೆದರಿದುವು. ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿಗೆ ಸ್ಯಾಂಗರಳ ಚಳುವಳಿಯ ಸಂಘವು ಕೊಟ್ಟುದು ಮೂರು ಸಾವಿರ ಡಾಲರುಗಳ ಆಸುಪಾಸಿನ ಹಣ. ಹಾರ್ವರ್ಡಿನಲ್ಲಿ ಕೆಲಸ ಕಳೆದುಕೊಂಡು, ವೂಸ್ಟರ್ ಊರಿನ ಬಳಿ ಮಿತ್ರನೊಡನೆ ಸಣ್ಣ ಸಂಶೋಧನಾಲಯವೊಂದನ್ನು ಕಟ್ಟಿ ಕಷ್ಟದಿಂದ ನಡೆಸುತ್ತಿದ್ದವನು ಆತ.

1953ರ ಜೂನ್ 8ರಂದು ಇಬ್ಬರು ವೃದ್ಧೆಯರೂ ಆ ಸಂಶೋಧನಾಲಯಕ್ಕೆ ಹೋದರು. ಜೀವಶಾಸ್ತ್ರವನ್ನು ಓದಿದವಳಾದ್ದರಿಂದ ಕ್ಯಾಥರೀನಳಿಗೆ ಪಿಂಕಸನ ಮಾತನ್ನು ಮತ್ತೊಬ್ಬರು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದೇ ಹಣ ಕೊಡಲು ಒಪ್ಪಿದಳು. ಮುಂದೆ ವರ್ಷವೊಂದಕ್ಕೆ ಒಂದೂವರೆ ಲಕ್ಷ ಡಾಲರುಗಳಿಗೆ ಕಡಿಮೆಯಾಗದಂತೆ ಕೊಡುತ್ತ ಬಂದು, ಒಟ್ಟು ಸುಮಾರು 20 ಲಕ್ಷ ಡಾಲರುಗಳನ್ನು ವೆಚ್ಚ ಮಾಡಿದಳು. ಕೊಟ್ಟು ಕೈತೊಳೆದುಕೊಳ್ಳುವ ಸ್ವಭಾವವಲ್ಲ; ಬಾಸ್ಟನ್ನಿಗೆ ಬಂದು ನೆಲಸಿ, ಕೆಲಸವೆಲ್ಲಿಗೆ ಬಂತೆಂದು ಶೋಧಕರನ್ನು ಪದೇ ಪದೇ ಕೇಳುತ್ತಿದ್ದಳು. ಪ್ರಪಂಚದ ಕೋಟ್ಯನುಕೋಟಿ ಹೆಂಗಸರು ನುಂಗಿದ ಗುಳಿಗೆಯ ಮೊದಲ ಶೋಧನಕ್ಕೆ ಬೇಕಾದ ಹಣವು ಹೆಚ್ಚುಕಡಿಮೆ ಒಬ್ಬ ವಿಧವೆಯ ಚೆಕ್ಕುಪುಸ್ತಕದಿಂದ ಬಂದಿತೆಂಬುದು ಆ ಹೆಂಗಸಿನ ಔದಾರ್ಯಕ್ಕೆ ಎಷ್ಟು ಸಾಕ್ಷಿಯೋ ಸಿರಿವಂತವಾದ ಆ ರಾಷ್ಟ್ರದ ಲೋಭಕ್ಕೂ ಅಷ್ಟೇ ಸಾಕ್ಷಿ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಸ್ತುತಿಪಾಠವಾದೀತು, ಚರಿತ್ರೆಯಾಗದು. 1954ರಲ್ಲಿ ಜಾನ್ ರಾಕ್ ಎಂಬ ವೈದ್ಯನು ಐವತ್ತು ಮಂದಿ ಸ್ತ್ರೀಯರಲ್ಲಿ ಮೊದಲ ಪರೀಕ್ಷೆಯನ್ನು ನಡೆಸಿದನು. ಮೆಸಾಚುಸೆಟ್ಸಿನ ಕಾನೂನು ಗರ್ಭನಿರೋಧಕ್ಕೆ ವಿರೋಧವಾಗಿದ್ದುದರಿಂದ ದೊಡ್ಡ ಪರೀಕ್ಷೆಯು ಅಲ್ಲಿ ಸಾಧ್ಯವಿರಲಿಲ್ಲ. ಅಂಡೋತ್ಪತ್ತಿಯುಳ್ಳ ಹೆಂಗಸರನ್ನು ಪಂಜರದಲ್ಲಿ ಕೂಡಿಟ್ಟಂತೆ ಒಂದೆಡೆ ಒದಗಿಸಿಕೊಳ್ಳುವುದೆಂತು ಎಂದು ಕ್ಯಾಥರೀನ್ ಒಂದು ಕಾಗದದಲ್ಲಿ ಬೇಸರದಿಂದ ಬರೆದಳು. ವಿನೋದಕ್ಕೆ ಬರೆದುದೆಂದರೂ ಆ ಮಾತು ಕಿವಿಗೆ ಹಿತವಾಗಿಲ್ಲ. 1956ರಲ್ಲಿ ಪೋರ್ಟೊರಿಕೋ ದ್ವೀಪದ ರಿಯೋ ಪಿಯೆಡ್ರಾಸ್ ಬಡಾವಣೆಯ ಬಡ ಹೆಂಗಸರು ಆ ಪರೀಕ್ಷೆಗೆ ದೊರೆತರು. ಗರ್ಭವನ್ನು ತಡೆಯುವ ಔಷಧವೆಂದು ಅವರಿಗೆ ತಿಳಿದಿತ್ತು. ಅದಿನ್ನೂ ಪರೀಕ್ಷೆಯಲ್ಲಿರುವ ಔಷಧವೆಂದು ಯಾರೂ ತಿಳಿಸಲಿಲ್ಲ. ಗುಳಿಗೆಯಲ್ಲಿದ್ದ ಪ್ರಮಾಣವು ಹತ್ತು ಮಿಲಿಗ್ರಾಂ. ಅದಕ್ಕಿಂತ ಬಹು ಕಡಮೆಯಾದುದೇ ಸಾಕೆಂದು ಆಮೇಲೆ ಕಂಡುಬಂದಿತು. ನೂರರಲ್ಲಿ ಹದಿನೇಳು ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವುಗಳು ತೋರಿದುವೆಂದೂ, ಇಷ್ಟು ಉಪದ್ರವವಿರುವ ಔಷಧವು ಸಾಮಾನ್ಯ ಬಳಕೆಗೆ ಯೋಗ್ಯವಲ್ಲವೆಂದೂ ಅಲ್ಲಿಯ ವೈದ್ಯೆ ಎಡ್ರಿಸ್ ರೈಸ್-ವ್ರೇ ಸ್ಪಷ್ಟವಾಗಿ ವರದಿ ಮಾಡಿದಳು. ಅವು ಬಹುಮಟ್ಟಿಗೆ ಮನಸ್ಸಿನ ಭಾವನೆಯೆಂದು ಪಿಂಕಸನು ತಳ್ಳಿಹಾಕಿದನು. ಸ್ತ್ರೀಯ ನೋವನ್ನು ಸ್ತ್ರೀಯ ಭ್ರಮೆಯೆನ್ನುವ ರೂಢಿಯು ವೈದ್ಯಶಾಸ್ತ್ರದಲ್ಲಿ ಹಳೆಯದು. ಹೆಂಗಸಿನ ಹಣದಿಂದ ನಡೆದ ಸಂಶೋಧನದಲ್ಲಿಯೂ ಅದು ತಪ್ಪಲಿಲ್ಲ.

1957ರಲ್ಲಿ ಮುಟ್ಟಿನ ದೋಷಗಳ ಚಿಕಿತ್ಸೆಗೂ, 1960ರಲ್ಲಿ ಗರ್ಭನಿರೋಧಕ್ಕೂ ಗುಳಿಗೆಯು ಅಂಗೀಕೃತವಾಯಿತು. ಲಾಭವು ಕಣ್ಣಿಗೆ ಬಿದ್ದೊಡನೆ, ಹಿಂದೆ ಹೆದರಿದ್ದ ಕಂಪೆನಿಗಳೆಲ್ಲ ಪೈಪೋಟಿಯಿಂದ ಮುಂದೆ ಬಂದುವು. ಕ್ಯಾಥರೀನ್ ತನ್ನ ಹಣವನ್ನು ತಾನೋದಿದ ವಿದ್ಯಾಶಾಲೆಯ ಕಡೆಗೆ ತಿರುಗಿಸಿ, ಅಲ್ಲಿ ವಿದ್ಯಾರ್ಥಿನಿಯರಿಗಾಗಿ ಪತಿಯ ಹೆಸರಿನ ವಸತಿಗೃಹವನ್ನು ಕಟ್ಟಿಸಿದಳು; 1963ರಲ್ಲಿ ಅದು ತೆರೆಯಿತು. 1967ರಲ್ಲಿ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಗುಳಿಗೆಯಿಂದ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವುದೆಂಬ ವಾರ್ತೆಗಳು 1961ರಿಂದಲೇ ಬರುತ್ತಿದ್ದುವು. 1970ರ ಜನವರಿಯಲ್ಲಿ ಸೆನೆಟ್ ಸಭೆಯ ಸಮಿತಿಯೊಂದು ಈ ವಿಷಯದಲ್ಲಿ ಸಾಕ್ಷ್ಯವನ್ನು ಕೇಳಿತು. ಗುಳಿಗೆಯನ್ನು ನುಂಗಿದ ಹೆಂಗಸರಲ್ಲಿ ಒಬ್ಬಳನ್ನೂ ಸಾಕ್ಷಿಯಾಗಿ ಕರೆಯಲಿಲ್ಲ. ತರುಣಿಯರು ಕೆಲವರು ಸಭೆಯ ನಡುವೆ ಎದ್ದು ನಿಂತು, ತಮಗೇಕೆ ಹೇಳಲಿಲ್ಲವೆಂದು ಕೂಗಿ ಕೇಳಿದರು. ಅವರನ್ನು ಹೊರಗೆ ಕಳುಹಿದರು. ಆದರೆ ಆ ಗದ್ದಲದ ಫಲವಾಗಿ, ಗುಳಿಗೆಯ ಡಬ್ಬಿಯೊಳಗೆ ಅದರ ಅಪಾಯಗಳನ್ನು ಮುದ್ರಿಸಿದ ಚೀಟಿಯನ್ನಿಡಬೇಕೆಂದು ಸರ್ಕಾರವು ವಿಧಿಸಿತು. ಗರ್ಭಿಣಿಯರಾಗಬಹುದಾದ ಸ್ತ್ರೀಯರನ್ನು ಔಷಧಗಳ ಮೊದಲ ಪರೀಕ್ಷೆಗಳಿಂದ ಹೊರಗಿಡಬೇಕೆಂದು ಅದೇ ಸರ್ಕಾರದ ಔಷಧ ಇಲಾಖೆಯು 1977ರಲ್ಲಿ ಸೂಚಿಸಿತು. ಗಂಡಸರ ದೇಹಕ್ಕೆ ತೂಗಿ ನೋಡಿದ ಪ್ರಮಾಣಗಳನ್ನೇ ಹೆಂಗಸರೂ ನುಂಗುತ್ತ ಬಂದರು. ಸರ್ಕಾರದ ಹಣದಿಂದ ನಡೆಯುವ ರೋಗಿಗಳ ಪರೀಕ್ಷೆಗಳಲ್ಲಿ ಸ್ತ್ರೀಯರನ್ನು ಸೇರಿಸಲೇಬೇಕೆಂಬ ಶಾಸನವು ಬಂದುದು 1993ರಲ್ಲಿ. 2024ರಲ್ಲಿ ಅಲ್ಲಿಯ ರಾಷ್ಟ್ರೀಯ ವಿದ್ವತ್ಪರಿಷತ್ತುಗಳ ಸಮಿತಿಯೊಂದು ಲೆಕ್ಕ ಹಾಕಿದಾಗ, ಸರ್ಕಾರದ ಆರೋಗ್ಯ ಸಂಶೋಧನ ಸಂಸ್ಥೆಗಳು 2013ರಿಂದ 2023ರವರೆಗೆ ಸಂಶೋಧನಕ್ಕೆ ಕೊಟ್ಟ ಹಣದಲ್ಲಿ ಸ್ತ್ರೀಯರ ಆರೋಗ್ಯದ ವಿಷಯಕ್ಕೆ ಸಂದುದು ನೂರಕ್ಕೆ 8.8ರಷ್ಟು ಮಾತ್ರ.